ಲಿನಕ್ಸೋ ವಿಂಡೋಸೋ, ನೀವೇ ಹೇಳಿ ಅಪ್ಪಯ್ಯಾ

ಯಡ್ತರೆ
ಮೇ 19, 2025

ಪ್ರೀತಿಯ ಅಪ್ಪಯ್ಯಾ,

ನಿಮ್ಮ ವಿನಯಾ ಕಾಲು ಮುಟ್ಟಿ ಬರೆಯುವುದು. ಆಪರೇಷನ್ ಆದ ಕಣ್ಣಿನ ಉರಿ ಕಡಿಮೆಯಾಯಿತೇ? ಮುಂಬೈಯಲ್ಲಿ ಅಣ್ಣನ ಹೋಟೆಲಿನಲ್ಲಿ ಸಕ್ಕರೆ ಹಾಕಿಸಿಕೊಂಡು ಕದ್ದು ಚಾ ಕುಡಿಯುತ್ತಿದ್ದೀರೋ ಎಂದು ಅಮ್ಮ ಕೇಳಿದ್ದಾಳೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರಿಗೆ ಪತ್ರ ಬರೆಯುವವಳು ಲೋಕ ಪೂರ ಹುಡುಕಿದರೂ ನನ್ನೊಬ್ಬಳ ಹೊರತು ಸಿಗಲಿಕ್ಕಿಲ್ಲ. ಏನು ಮಾಡಲಿ, ಫೋನಿನಲ್ಲಾದರೆ ನಾನು ಎರಡು ಮಾತು ಆಡುವುದರೊಳಗೆ ಅಣ್ಣ ಕಸಿದುಕೊಂಡು ‘ಅಪ್ಪಯ್ಯಂಗೆ ತಲಿಬಿಸಿ ಮಾಡ್ಬೇಡ’ ಎನ್ನುತ್ತಾನೆ. ಪ್ರಫುಲ್ಲಾ ಅತ್ತಿಗೆ ಮಧ್ಯಾಹ್ನದ ಕೆಲಸ ಮುಗಿಸಿ ನಿಧಾನವಾಗಿ ಓದಿ ಹೇಳಲಿ.

ತಲೆಬಿಸಿಯೆಲ್ಲ ನಿಮ್ಮ ಹ್ಯಾಮ್ ರೇಡಿಯೋ ಕೋಣೆಯದ್ದೇ. ಕಳೆದ ಮಳೆಗಾಲದಲ್ಲಿ ಟವರ್ ಬಿದ್ದು ಫೋನುಗಳೆಲ್ಲ ಸತ್ತಾಗ, ಸಿಡಿಲಿನ ಗರಗರದಲ್ಲಿ ರೇಡಿಯೋದ ದನಿಯೂ ಕೇಳದೆ ನೀವು ಒದ್ದಾಡಿದ್ದಿರಿ. ಆಮೇಲೆ ರೇಡಿಯೋಗೆ ಕಂಪ್ಯೂಟರ್ ಜೋಡಿಸಿ, ಸುದ್ದಿಯನ್ನು ಅಕ್ಷರದಲ್ಲೇ ಕಳಿಸುವ ಏರ್ಪಾಡು ಮಾಡಿದ್ದೂ ನೀವೇ. ನೀವು ಹೋದ ಮರುವಾರ ಆ ಕಂಪ್ಯೂಟರ್ ಮಲಗಿತು, ಇನ್ನು ಏಳುವುದಿಲ್ಲವಂತೆ. ಕುಂದಾಪುರದ ರೇಡಿಯೋ ನೋಡಿಕೊಳ್ಳುವ ಕೌಶಲ್ ತನ್ನದೊಂದು ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ತಂದಿಟ್ಟಿದ್ದಾನೆ. ‘ಅಕ್ಕಾ, ಇದೇ ಇರ್ಲಿ. ನಡು ಮಳಿಯಲ್ಲಿ ಅಪ್ಡೇಟ್ ಅಂದ್ಹೇಳಿ ಮುಚ್ಕಂಬುದಿಲ್ಲೆ’ ಎನ್ನುತ್ತಾನೆ. ಕೊಕ್ಕರ್ಣೆಯ ರೇಡಿಯೋ ಎದುರು ಕೂರುವ ಮನೀಷ್ ಅದನ್ನು ಕೇಳಿದರೇ ಉರಿದು ಬೀಳುತ್ತಾನೆ. ‘ನಾ ಇಲ್ದಿದ್ ದಿನ ನಿಮ್ ಲಿನಕ್ಸಿನ ಎದ್ರಿಗೆ ಯಾರ್ ಕೂಕಂಬುದ್? ವಿಂಡೋಸ್ ಆರೆ ಎಲ್ಲರಿಗೂ ಬತ್ತ್’ ಎಂಬುದು ಅವನ ವಾದ. ಇಬ್ಬರದೂ ಸರಿ ಎನಿಸುತ್ತದೆ, ಅದೇ ನನ್ನ ಕರ್ಮ.

ಹಾಗಾದರೆ ಅವರವರ ಇಷ್ಟ ಎಂದು ಬಿಟ್ಟುಬಿಡೋಣವೆಂದರೆ ಅದೂ ಆಗಲಿಲ್ಲ. ಹಿಂದಿನ ವಾರದ ಭಾನುವಾರ ಮೂರೂ ಕಡೆ ಕುಳಿತು ಅಣಕು ಕಾರ್ಯಾಚರಣೆ ಮಾಡಿದೆವು. ಮನೀಷ್ ತನ್ನ ಪಂಚಾಯತಿ ಕೆಲಸದ ರೂಢಿಯಲ್ಲಿ ಹಳೇ ಕನ್ನಡ ಫಾಂಟಿನಲ್ಲೇ ಸುದ್ದಿ ಕುಟ್ಟಿ ಕಳಿಸಿದ. ಆ ಫಾಂಟು ಈ ಲಿನಕ್ಸಿನಲ್ಲಿಲ್ಲ. ನನ್ನ ಪರದೆಯ ಮೇಲೆ ಬಂದದ್ದು ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಹುಳು ಹರಿದ ಹಾಗೆ ಏನೇನೋ. ಕೊನೆಗೆ ಅವನಿಗೆ ಫೋನು ಮಾಡಿ ಕೇಳಿದೆ. ತುಂಬು ಬಸುರಿಯೊಬ್ಬಳಿದ್ದಾಳೆ, ದೋಣಿ ಬೇಕು ಎಂದು ಬರೆದಿದ್ದನಂತೆ. ಕೌಶಲ್ ನಕ್ಕ, ಮನೀಷ್ ಬೈದ. ನನ್ನದು ಒಂದೇ ಪ್ರಶ್ನೆ, ಟವರ್ ಬಿದ್ದ ದಿನ ಯಾರಿಗೆ ಫೋನು ಮಾಡುವುದು?

ಅಂದಿನಿಂದ ಮೂರು ಊರಿಗೂ ಒಂದೇ ಇರಬೇಕು, ಯಾವುದೆಂದು ಯಡ್ತರೆಯವರೇ ಹೇಳಲಿ ಎಂದು ಇಬ್ಬರೂ ಕೈತೊಳೆದುಕೊಂಡಿದ್ದಾರೆ. ಯಡ್ತರೆಯವರು ಅಂದರೆ ನೀವು. ನೀವಿಲ್ಲದಾಗ ನಾನಂತೆ, ನನಗೇನು ತಿಳಿಯುತ್ತದೆ? ‘ಯಂತ್ರ ಯಾವ್ದಾರೂ ಅಡ್ಡಿಲ್ಲೆ ಮಗಾ, ಸುದ್ದಿ ಆಚಿಗ್ ಹೋಯ್ಕ್’ ಎಂದು ನೀವು ಹೇಳುತ್ತಿದ್ದುದನ್ನೇ ನೆನೆಸಿಕೊಂಡು ಕೂರುತ್ತೇನೆ, ಅದರಿಂದ ಉತ್ತರ ಹೊರಡುವುದಿಲ್ಲ. ಅಪ್ಪಯ್ಯ ಬಂದು ನೋಡಿ ಹೇಳುತ್ತಾರೆ ಎಂದು ಇಬ್ಬರಿಗೂ ಸುಳ್ಳು ಸಮಾಧಾನ ಹೇಳುತ್ತಾ ಬಂದಿದ್ದೇನೆ. ಮೋಡ ಆಗಲೇ ಕಟ್ಟುತ್ತಿದೆ.

ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸಿ. ಅಮ್ಮ ಗಟ್ಟಿಯಾಗಿದ್ದಾಳೆ, ನಿಮ್ಮ ಕೋಣೆಯ ಧೂಳನ್ನು ದಿನವೂ ಅವಳೇ ಒರೆಸುತ್ತಾಳೆ. ಹೊತ್ತಿಗೆ ಸರಿಯಾಗಿ ಮದ್ದು ಹಾಕಿಸಿಕೊಳ್ಳಿ.

ನಿಮ್ಮ ಮಗಳು,
ವಿನಯಾ

ವಿ.ಸೂ.: ಅತ್ತಿಗೇ, ಇದನ್ನೂ ಓದಿಬಿಡಿ, ಅಣ್ಣ ಬೈದರೆ ನನ್ನ ಮೇಲೆ ಹಾಕಿ. ಅಪ್ಪಯ್ಯಾ, ಪಟ್ಟಿ ಬಿಚ್ಚಿದರೂ ಕಣ್ಣು ಕಾಣಿಸುವುದಿಲ್ಲ ಎಂದು ಡಾಕ್ಟರು ಅಣ್ಣನ ಹತ್ತಿರ ಹೇಳಿದ್ದಾರೆ. ‘ಅಪ್ಪಯ್ಯಂಗೆ ಹೇಳುಕಾಗ’ ಎಂದ. ಮುಚ್ಚಿಡುವುದು ನನ್ನಿಂದಾಗುತ್ತಿಲ್ಲ. ನಿನ್ನೆ ಅಮ್ಮನ ಸೀರೆಯ ತುಂಡು ಕಣ್ಣಿಗೆ ಬಿಗಿದುಕೊಂಡು ನಿಮ್ಮ ಕುರ್ಚಿಯಲ್ಲಿ ಕುಳಿತೆ, ಈ ಲಿನಕ್ಸೋ ಮನೀಷನಿಂದ ತರಿಸಿಕೊಂಡ ವಿಂಡೋಸೋ, ಎರಡರಲ್ಲಿ ಯಾವುದು ನಿಮಗೆ ಆದೀತು ಎಂದು ನೋಡಲು. ಪರದೆ ಓದಿ ಹೇಳುವ ದನಿ ಎರಡರಲ್ಲೂ ಇದೆ, ಆದರೂ ತಡಕಾಡಿ ತಡಕಾಡಿ ಒಂದು ಸುದ್ದಿಯನ್ನೂ ಕಳಿಸಲಾಗಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಮೇಜಿನ ಮೂಲೆಯಲ್ಲಿದ್ದ, ಗಿಡ್ಡ-ಉದ್ದ ಸದ್ದಿನಲ್ಲೇ ಸುದ್ದಿ ಕಳಿಸುವ ನಿಮ್ಮ ಮೋರ್ಸ್ ಕೀ. ಅದಕ್ಕೆ ಕಣ್ಣು ಬೇಡ. ಒತ್ತಿದೆ, ರೇಡಿಯೋ ಕುಂಯ್ ಎಂದಿತು. ಆದರೆ ಆ ಭಾಷೆ ಕೌಶಲ್‌ಗೆ ಬಾರದು, ಮನೀಷನಿಗೆ ಬಾರದು, ನನಗೂ ಬಾರದು. ನೀವು ಕಳಿಸಿದರೆ ಕೇಳಿಸಿಕೊಳ್ಳುವವರು ಮೂರು ಊರಿನಲ್ಲಿ ಯಾರೂ ಇಲ್ಲ ಅಪ್ಪಯ್ಯಾ.