‘ಡಲ್’ ಅಂದರೆ ಏನೆಂದು ಕೇಳಿದ ಅಪ್ಪನಿಗೆ

ಅಪ್ಪಾ,

ಸಂತಪುರದಿಂದ ನಿನ್ನ ಶಾಂತವ್ವ ಬರೆಯುತ್ತಿದ್ದೇನೆ. ನೀನು ಹೋಗಿ ಎರಡು ವರ್ಷವಾಯಿತು. ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಈ ಸುದ್ದಿ ಬರೆಯದೆ ಹೇಗಿರಲಿ?

ಸಾಹೇಬರು ಶಾಲೆ ನೋಡಲು ಬಂದ ದಿನ ನೆನಪಿದೆಯೇ? ಆಗಿನ್ನೂ ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಅವರು ಕೇಳಿದ್ದು ತಿಳಿಯದೆ ನಾನು ಸುಮ್ಮನೆ ನಿಂತೆ. ನನ್ನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಡಲ್’ ಎಂದು ಬರೆದು ಹೋದರು. ಮಾಸ್ತರರು ಅದನ್ನು ಓದಿ ಹೇಳಿದರು, ಅರ್ಥ ಹೇಳಲಿಲ್ಲ. ಕಾಕಾ ಮಾತ್ರ, “ಸಾಕಿನ್ನ ಸಾಲಿ. ಕುರಿ ಕಾಯ್ಲಿ,” ಅಂದುಬಿಟ್ಟ.

ಮರುದಿನ ನೀನು ಕುರಿಗಳನ್ನು ಅವನಿಗೇ ಒಪ್ಪಿಸಿ, ನನ್ನನ್ನು ಔರಾದಿಗೆ ನಡೆಸಿಕೊಂಡು ಹೋದೆ. ಅಲ್ಲಿಯ ವಕೀಲರು ದಪ್ಪ ಪುಸ್ತಕ ತೆರೆದರು.

“ಡಲ್ ಅಂದ್ರ ದಡ್ಡ.”

ನಿನ್ನ ಮುಖ ಸಣ್ಣದಾಯಿತು. “ಬ್ಯಾರೆ ಅರ್ಥ ಅದಾವೇನ್ರಿ?”

“ಬಾಳ ಅದಾವ. ಮಂಕು, ಮಬ್ಬು, ಸಪ್ಪಗ. ಮತ್ತ ಮೊಂಡ, ಅಂದ್ರ ಹರಿತ ಇಲ್ಲದ್ದು.”

“ಹಂಗಾರ ಮೊಂಡ ಅಂತನ ಇರ್ಲಿರಿ. ಕುರಿ ಉಣ್ಣೆ ಕತ್ತರ್ಸೂ ಕತ್ರಿ ಮೊಂಡಾದ್ರ ಒಗೀತೇವೇನ್ರಿ? ಮಸೀತೇವಿ.”

ವಕೀಲರು ನಗಲಿಲ್ಲ. ನನ್ನ ಕಡೆ ತಿರುಗಿ, “ಇಪ್ಪತ್ತು ಕುರಿ ಒಳಗ ಏಳು ತಪ್ಪಿಸ್ಕೊಂಡ್ರ?” ಎಂದು ಕೇಳಿದರು. ಹದಿಮೂರು ಎಂದೆ. “ಹುಡುಗಿ ದಡ್ಡಿ ಅಲ್ಲೋ. ಇಕಿಗಿ ಉರ್ದು ತಿಳೀವಲ್ದು, ಅಷ್ಟ,” ಎಂದರು. ಹಿಂದಿರುಗುವಾಗ ದಾರಿಯುದ್ದಕ್ಕೂ ನೀನು ನನ್ನ ಕೈ ಬಿಡಲೇ ಇಲ್ಲ.

ಪೊಲೀಸ್ ಕಾರ್ಯಾಚರಣೆ ಆದಾಗ ಶಾಲೆ ಮುಚ್ಚಿತು. ಎಷ್ಟು ಹೆದರಿಕೆ! ಯಾರು ಎಲ್ಲಿಗೆ ಹೋದರೋ, ಯಾರು ಉಳಿದರೋ... ಮತ್ತೆ ಬಾಗಿಲು ತೆರೆದಾಗ ಕನ್ನಡದ ಮಾಸ್ತರರು ಬಂದಿದ್ದರು. ಅಷ್ಟರಲ್ಲಿ ಕಾಕಾ ನನ್ನ ಮದುವೆಯ ಮಾತು ತೆಗೆದಿದ್ದ. “ಇಕಿ ಸಾಲಿ ಬಿಡೂದಿಲ್ಲ,” ಅಂದೆ ನೀನು. ಒಂದೇ ಮಾತು. ಆ ವರ್ಷ ನಾನು ತರಗತಿಗೇ ಮೊದಲಿಗಳಾಗಿ ಪಾಸಾದದ್ದನ್ನು ನೀನು ನೋಡಿದೆ. ಮುಂದಿನದನ್ನೂ ನೋಡಿದ್ದರೆ...

ಈಗ ಕೇಳು. ಬೀದರಿನಲ್ಲಿ ನನ್ನ ತರಬೇತಿ ದೀಪಾವಳಿಗೇ ಮುಗಿಯಿತು. ಸೋಮವಾರದಿಂದ ಭಾತಂಬ್ರಾ ಶಾಲೆಯಲ್ಲಿ ನಾನು ಮಾಸ್ತರಬಾಯಿ! ಅವ್ವನೂ ನನ್ನ ಜೊತೆ ಬರುತ್ತಾಳೆ. ನಿನ್ನೆ ಟಪಾಲಿನವರು ಆದೇಶದ ಲಕೋಟೆ ತಂದಾಗ ನಾನು ಮನೆಯಲ್ಲಿರಲಿಲ್ಲ. ಅವರು ಹೆಬ್ಬೆಟ್ಟಿಗೆ ಮಸಿ ತೆಗೆದರೆ ಅವ್ವ, “ಪೆನ್ನ ಕೊಡ್ರಿ,” ಅಂದಳಂತೆ. ಈ ಚಳಿಗಾಲವೆಲ್ಲ ನಾನು ತಿದ್ದಿಸಿದ ಅಕ್ಷರಗಳಲ್ಲಿ ‘ನೀಲವ್ವ’ ಎಂದು ಬರೆದುಕೊಟ್ಟಳಂತೆ.

ಗಂಡನ ಹೆಸರನ್ನು ಅವಳು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದವಳೇ? ಇವತ್ತು ಬೆಳಿಗ್ಗೆ ಪಾಟಿ ಹಿಡಿದು ನನ್ನ ಪಕ್ಕದಲ್ಲಿ ಕುಳಿತಳು. “ಶಾಂತಾ, ನಿಮ್ಮಪ್ಪನ ಹೆಸರ ಹ್ಯಾಂಗ ಬರೀತಾರ, ತೋರ್ಸು.”