ಗೇಟು ತೆರೆಸಿದ ಮರುದಿನ

ಅಕ್ಟೋಬರ್ ೧೪, ಮಂಗಳವಾರ

ನಿನ್ನೆ ಅಣೆಕಟ್ಟಿನ ಗೇಟು ತೆರೆಸಿದ್ದು ಸರಿಯೋ ತಪ್ಪೋ, ಇನ್ನೂ ತಿಳಿಯುತ್ತಿಲ್ಲ. ಮಳೆಗಾಲ ಮುಗಿಯಿತೆಂದು ಬೇಸಿಗೆಗಾಗಿ ಜಲಾಶಯ ತುಂಬಿಸಿಟ್ಟಿದ್ದೆವು. ಮಧ್ಯಾಹ್ನ ದಿಢೀರನೆ ಸುರಿದ ಮಳೆಗೆ ನೀರು ಅಂಚಿಗೆ ಬಂತು. ಸೈರನ್ ಕೂಗಿಸಿ, ಹೊಳೆದಂಡೆಯಲ್ಲಿರುವ ಅಕ್ಕನಿಗೂ ಫೋನ್ ಮಾಡಿ ನೀರು ಬಿಡಿಸಿದೆ. ಬಿಟ್ಟ ಸ್ವಲ್ಪ ಹೊತ್ತಿಗೇ ಮಳೆ ನಿಂತುಹೋಯಿತು.

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಭಾವ ಹೊಲಿಗೆ ಯಂತ್ರದ ಕೆಸರು ಒರೆಸುತ್ತಿದ್ದರು, ತಲೆ ಎತ್ತಲಿಲ್ಲ.

“ಇನ್ನೊಂದು ಗಂಟೆ ಕಾಯೋಕಾಗ್ತಿರ್ಲಿಲ್ವೇನೇ?” ಎಂದಳು ಅಕ್ಕ.

“ಮಳೆ ನಿಲ್ಲುತ್ತೆ ಅಂತ ನಂಗೇನು ಗೊತ್ತಿತ್ತಕ್ಕಾ?”

“ಗೊತ್ತಾಗ್ಲಿ ಅಂತ ತಾನೇ ನಿನ್ನ ಅಲ್ಲಿ ಕೂರ್ಸಿರೋದು.”

ಮೊದಲೆಲ್ಲ ಗೊತ್ತಾಗುತ್ತಿತ್ತು. ಯಾವ ತಿಂಗಳಲ್ಲಿ ಎಷ್ಟು ಮಳೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಭೂಮಿ ಬಿಸಿಯಾಗಿ ಮಳೆಯ ಕಾಲವೇ ಕದಲಿದೆ ಎನ್ನುತ್ತಾರೆ ಹವಾಮಾನ ಕಚೇರಿಯವರು. ಹಾಗಾದರೆ ರಾತ್ರಿ ಅರ್ಧಕ್ಕಿಳಿಸಿದ ಗೇಟು ಈಗ ಪೂರ್ತಿ ಮುಚ್ಚಲೇ ಎಂದರೆ, ಅದು ನಿಮಗೆ ಬಿಟ್ಟಿದ್ದು ಎನ್ನುತ್ತಾರೆ. ಮುಚ್ಚಿದ ಮೇಲೆ ಮತ್ತೆ ಸುರಿದರೆ ಒಮ್ಮೆಲೇ ನೀರು ಬಿಡಬೇಕಾಗಿ ಅಕ್ಕನ ಮನೆ ಮುಳುಗುತ್ತದೆ. ಮುಚ್ಚದೆ, ಮಳೆಯೂ ಬಾರದಿದ್ದರೆ ಬೇಸಿಗೆಯಲ್ಲಿ ಅದೇ ಮನೆಯ ನಲ್ಲಿ ಒಣಗುತ್ತದೆ.

ಹೊರಡುವಾಗ ಅಕ್ಕ, “ಮಹಡಿ ಮೇಲಿಟ್ಟ ಸಾಮಾನು ಕೆಳಗೆ ಇಳಿಸ್ಲೇನೇ?” ಎಂದು ಕೇಳಿದಳು.

“ಇಳಿಸು” ಎಂದೆ. ಬಾಗಿಲ ತನಕ ಹೋಗಿ ತಿರುಗಿ, “ಬೇಡ, ಇರ್ಲಿ” ಎಂದೆ.

ಅವಳು ಪಾತ್ರೆಯೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ನಡುವೆಯೇ ನಿಂತಿದ್ದಳು.