ನನ್ನ ನಂತರದ ಮನೆ

ಜೂನ್ 3, ಬೆಳಿಗ್ಗೆ

ಕಾಫಿಗೆ ಮುಂಚೆ ಫೋನಿನಲ್ಲಿ ಒತ್ತಿದೆ. "ಕ್ಷೇಮ." ಒಡಹುಟ್ಟಿದವರಿಗೆ ಕಾಗದ ಬರೆದೂ ಬರೆದೂ ಆ ಮಾತು ಬೆರಳಿಗೇ ಅಂಟಿದೆ.

ಜಪಾನಿನ ಕಡಲ ಬದಿಯ ಬೀದಿಯೊಂದರ ನೆರೆಹೊರೆ ಸಂಘದ ಆ್ಯಪ್ ಇದು. ಅಲ್ಲಿನ ಬೆಳಿಗ್ಗೆ ಹತ್ತರೊಳಗೆ, ಅಂದರೆ ನಮ್ಮ ಆರೂವರೆಯೊಳಗೆ, ಪ್ರತಿ ಮನೆಯವರೂ ಒತ್ತಬೇಕು. ಒತ್ತದಿದ್ದರೆ ಸರದಿಯಲ್ಲಿ ನಂತರದ ಮನೆಯವರು ಹೋಗಿ ಬಾಗಿಲು ತಟ್ಟಿ, ಕಂಡದ್ದನ್ನು ಅಲ್ಲೇ ಬರೆಯಬೇಕು. ಸಂಶೋಧನೆಗೆ ಹೋಗಿದ್ದ ನನಗೂ ಪ್ರೀತಿಯಿಂದ ಆ್ಯಪಿನಲ್ಲಿ ಒಂದು 'ಮನೆ' ಕೊಟ್ಟರು; ಊರಿಗೆ ಮರಳಿದ ಮೇಲೂ ತೆಗೆದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ. ಸರದಿಯಲ್ಲಿ ನನಗಿಂತ ಮುಂಚಿನ ಮನೆ ದರ್ಜಿ ಅಜ್ಜಿಯದು. ನಂತರದ್ದು ದೋಣಿ ರಿಪೇರಿಯವರದು.

ಅಕ್ಕನ ಮಗಳು ಆಫೀಸಿಗೆ ಹೊರಡುತ್ತ, "ಪಕ್ಕದ ಫ್ಲ್ಯಾಟಿನವರು ಇದ್ದಾರೋ ಸತ್ತಾರೋ ಗೊತ್ತಿಲ್ಲ ನಿಂಗೆ. ಜಪಾನಿಗೆ ಮಾತ್ರ ದಿನಾ ಯೋಗಕ್ಷೇಮ" ಅಂದಳು.

"ಪಕ್ಕದವರೂ ಆ್ಯಪ್ ಮಾಡ್ಲಿ, ಒತ್ತೋಣ."

ನಾನು ವಿಶ್ವವಿದ್ಯಾಲಯಕ್ಕೆ ಟೈಪಿಸ್ಟ್ ಆಗಿ ಸೇರಿ, ಊಟದ ಬಿಡುವಿನಲ್ಲಿ ಜಪಾನಿ ಕಲಿತು, ಅಲ್ಲಿನ ನೆರೆಹೊರೆಯ ಅಧ್ಯಯನದಲ್ಲೇ ತಲೆ ನೆರೆಸಿಕೊಂಡವಳು. ಪುಸ್ತಕದ ಕೊನೇ ಅಧ್ಯಾಯ ಬಾಕಿ. ಹೇಳುವುದಿಷ್ಟೇ — ಫೋನು ನೆರೆಹೊರೆಯನ್ನು ಕೊಂದಿಲ್ಲ, ಉಳಿಸಿದೆ. ಹೋದ ತಿಂಗಳು ಬೀದಿದೀಪ ತೆಗೆಯಕೂಡದು ಅಂತ ಇದರಲ್ಲೇ ಒಮ್ಮತದ ಮತ ಹಾಕಿ ಪುರಸಭೆಯನ್ನೇ ಮಣಿಸಿದರಲ್ಲ.

ಜೂನ್ 5

ಸಂಘದ ಹಳೇ ಅಧ್ಯಕ್ಷರ ಮೇಲ್, ವೃದ್ಧಾಶ್ರಮದಿಂದ. ಬೀದಿಯಲ್ಲೀಗ ದರ್ಜಿ ಅಜ್ಜಿ ಒಬ್ಬರೇ ಅಂತೆ. ದೋಣಿಯವರು ಚಳಿಗಾಲದಲ್ಲಿ ತೀರಿಕೊಂಡರಂತೆ. ಮಿಕ್ಕವರು ಮಕ್ಕಳ ಹತ್ತಿರ, ಇಲ್ಲ ಮಣ್ಣಿನ ಹತ್ತಿರ.

ಹಾಗಾದರೆ ದಿನಾ ಎಲ್ಲ ಮನೆಯಿಂದ ಕ್ಷೇಮ ಬರುತ್ತಿರುವುದು? ದೀಪಕ್ಕೆ ಮತ ಹಾಕಿದ್ದು?

ಆ್ಯಪಿನ ಎಂಜಿನಿಯರಿಗೆ ಫೋನ್ ಮಾಡಿದೆ. "ತಾನಾಗೇ ಒತ್ಕೊಳ್ಳೋದಾ? ಇಲ್ಲಮ್ಮ, ಬೆರಳೇ ಬೇಕು. ಇಲ್ದಿದ್ರೆ ಸಂಘ ಯಾಕೆ, ಗಡಿಯಾರ ಸಾಕಿತ್ತಲ್ಲ."

ಸಾಫ್ಟ್‌ವೇರಿನವರ ಮಾತು, ಅರ್ಧ ನಂಬಬೇಕು. ಯಂತ್ರದ ತಪ್ಪೇ ಆಗಿದ್ದರೆ ನನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಜೂನ್ 8

ಅಜ್ಜಿ ಒತ್ತಿಲ್ಲ. ತಟ್ಟುವ ಸರದಿ ನನ್ನದು. ಬಾಗಿಲು ಏಳು ಸಮುದ್ರದಾಚೆ. ಫೋನ್ ಎತ್ತಲಿಲ್ಲ. ಅಲ್ಲಿನ ಪೊಲೀಸ್ ನಂಬರ್ ಹುಡುಕುತ್ತ ಕೂತೆ. ಅಷ್ಟರಲ್ಲಿ ಆ್ಯಪಿನಲ್ಲಿ ಅಜ್ಜಿಯಿಂದ ಬಂತು. "ಕ್ಷೇಮ. ಬಂದು ತಟ್ಟಿದ್ದಕ್ಕೆ ಉಪಕಾರ. ಮಂಡಿನೋವು, ಏಳೋದು ತಡವಾಯ್ತು."

ಸಂಜೆ ಫೋನಿಗೆ ಸಿಕ್ಕರು. ಯಾರು ಬಂದಿದ್ದು ಅಜ್ಜಿ?

"ಯಾರು ಅಂದ್ರೆ? ನೀನೇ. ಬಾಗಿಲಾಚೆ ನಿಂತು ಕರೆದೆಯಲ್ಲ. ನಿನ್ನ ಹರಕು ಜಪಾನಿ ನಂಗೆ ಗೊತ್ತಾಗಲ್ವ?" ನಕ್ಕರು. "ತೆಗೆಯೋಷ್ಟರಲ್ಲಿ ಹೊರಟುಹೋದೆ. ಟೀ ಕುಡಿದಿದ್ರೆ ಏನ್ ಗಂಟು ಹೋಗ್ತಿತ್ತು?"

ಜೂನ್ 15

ಒಂದಕ್ಷರ ಬರೆಯಲಿಲ್ಲ. ಪ್ರಕಾಶಕರು ನಾಳೆಗೇ ಅಧ್ಯಾಯ ಬೇಕೆನ್ನುತ್ತಾರೆ. ನಡೆದದ್ದನ್ನೆಲ್ಲ ನನ್ನ ಹಳೇ ಶಿಷ್ಯೆಗೆ ಹೇಳಿದೆ, ಈಗ ಅವಳೇ ಪ್ರೊಫೆಸರ್. "ಅಡಿಟಿಪ್ಪಣಿಗೆ ತಳ್ಳಿಬಿಡಿ ಮೇಡಂ."

ದೆವ್ವವನ್ನು ಅಡಿಟಿಪ್ಪಣಿಗೆ ತಳ್ಳುವುದು ಹೇಗಮ್ಮ.

ಜೂನ್ 16, ಬೆಳಿಗ್ಗೆ

ಒತ್ತಿಲ್ಲ. ಬೇಕಂತಲೇ. ಸರದಿ ಈಗ ದೋಣಿಯವರದು. ಯಾರೂ ಬರದಿದ್ದರೆ ಎಲ್ಲ ಯಂತ್ರದ ಆಟ; ಅಧ್ಯಾಯ ಹರಿದು ಹಾಕಿ ನಿಜ ಬರೆಯುವೆ.

ಅಲ್ಲಿ ಹತ್ತು ದಾಟಿತು. ಏನಿಲ್ಲ. ನೆಮ್ಮದಿ. ಯಾಕೋ ಬೇಜಾರೂ.

ತಟ್ಟುತ್ತಿದ್ದಾರೆ. ಬೆಲ್ ಇದೆ, ಬೆಲ್ ಒತ್ತಿಲ್ಲ. ಬಾಗಿಲ ಕೆಳಗಡೆ, ಮಂಡಿಯೆತ್ತರದಲ್ಲಿ... ಹಲಗೆ ಕೊಳೆತಿದೆಯೇ ಅಂತ ಗೆಣ್ಣಿನಿಂದ ತಟ್ಟಿ ಆಲಿಸುವ ಹಾಗೆ. ಒಂದು ಕಡೆ. ಸ್ವಲ್ಪ ತಡೆದು, ಇನ್ನೊಂದು ಕಡೆ.

"ಕ್ಷೇಮ" ಅಂದೆ, ಗಟ್ಟಿಯಾಗಿ. ಮೊದಲು ಕನ್ನಡದಲ್ಲಿ, ಆಮೇಲೆ ಅವರ ಭಾಷೆಯಲ್ಲಿ. ಇದ್ದೇನೆ, ಒಳಗೇ ಇದ್ದೇನೆ ಅಂದೆ. ತಟ್ಟುವುದು ನಿಲ್ಲಲಿಲ್ಲ. ಕೇಳಿಸುತ್ತಿಲ್ಲವೇ ಇವರಿಗೆ?

ನಿಂತಿತು. ಫೋನ್ ಬೆಳಗಿತು. ಆ್ಯಪಿನಲ್ಲಿ, ನನ್ನ ಮನೆಯ ಹೆಸರಿನ ಮುಂದೆ, ಮೂರು ಚುಕ್ಕಿ — ದೋಣಿಯವರು ಬರೆಯುತ್ತಿದ್ದಾರೆ.

ಬಂತು. "ಹೋಗಿ ನೋಡಿದೆ. ಕರೆದೆ. ಒಳಗೆ ಯಾರೂ